ಪ್ರೋಬಯಾಟಿಕ್ ಕ್ಯಾಪ್ಸೂಲ್ ತಗೊಂಡ್ರೆ ಶುಗರ್ ಮಾತ್ರೆ ಬಿಡಬಹುದಾ?

ಬೇಡ, ಮಾತ್ರೆ ಬಿಡಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ತಾಯಿ ಎಂಟು ವರ್ಷದಿಂದ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನುಂಗುತ್ತಿದ್ದಾರೆ, ಈಗ ಯಾರೋ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಪ್ರೋಬಯಾಟಿಕ್ ಕ್ಯಾಪ್ಸೂಲ್‌ಗಳ ಎರಡೂವರೆ ಸಾವಿರದ ಡಬ್ಬಿ ತೋರಿಸಿ "ಹೊಟ್ಟೆಯ ಬ್ಯಾಕ್ಟೀರಿಯಾ ಸರಿಯಾದರೆ ಮಾತ್ರೆ ಬೇಕಿಲ್ಲ" ಎಂದಿದ್ದಾರೆ ಎಂದು ಬರೆದಿದ್ದೀರಿ. ನಾನು ಜಮಖಂಡಿಯವನು, ನನಗೂ ಒಂಬತ್ತು ವರ್ಷದಿಂದ ಶುಗರ್ ಇದೆ. ಅಂಥದ್ದೇ ಡಬ್ಬಿ ಮೂರು ತಿಂಗಳು ತಿಂದಿದ್ದೇನೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.1 ಇದ್ದದ್ದು ಅಲ್ಲೇ ನಿಂತಿತ್ತು.

ಹಾಗಂತ ಬ್ಯಾಕ್ಟೀರಿಯಾಕ್ಕೂ ಶುಗರ್‌ಗೂ ನಂಟೇ ಇಲ್ಲ ಅಂತಲ್ಲ. ನಮಗೆ ಅರಗದ ನಾರು ದೊಡ್ಡ ಕರುಳಿನ ಬ್ಯಾಕ್ಟೀರಿಯಾಕ್ಕೆ ಊಟ. ಅವು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲ ಮಾಡುತ್ತವೆ. ಕರುಳಿನ ಒಳಗೋಡೆ ಅದನ್ನೇ ಉಂಡು ಗಟ್ಟಿಯಾಗಿರುತ್ತದೆ. ಇಂಥ ಆಮ್ಲಗಳಿಂದ ಜಿಎಲ್‌ಪಿ-1 ಎಂಬ ಹಾರ್ಮೋನ್ ಕೂಡ ಬಿಡುಗಡೆಯಾಗುತ್ತದೆ. ಉಂಡ ಮೇಲೆ ಇನ್ಸುಲಿನ್ ಸ್ರವಿಸಲು ಅದು ನೆರವಾಗುತ್ತದೆ. ಇಲಿಗಳಿಗೆ ನಾರು ಕೊಡದೆ ನೋಡಿದ್ದಾರೆ: ಬ್ಯಾಕ್ಟೀರಿಯಾ ಕರುಳಿನ ಲೋಳೆಯನ್ನೇ ತಿನ್ನತೊಡಗಿದವು.

2012ರಲ್ಲಿ ಚೀನಾದಲ್ಲಿ 345 ಜನರ ಮಲ ಪರೀಕ್ಷಿಸಿದಾಗ, ಟೈಪ್ 2 ಶುಗರ್ ಇದ್ದವರಲ್ಲಿ ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾ ಕಡಿಮೆ ಇದ್ದವು. ಅದೇ ವರ್ಷ ಆಮ್‌ಸ್ಟರ್‌ಡಾಮ್‌ನಲ್ಲಿ ತೆಳ್ಳಗಿನವರ ಮಲದ ಬ್ಯಾಕ್ಟೀರಿಯಾವನ್ನು ಬೊಜ್ಜಿದ್ದವರ ಕರುಳಿಗೆ ಸೇರಿಸಿದರು. 6 ವಾರಕ್ಕೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು. ಆದರೆ ಮುಂದೆ ಅಂಥದ್ದೇ ಪ್ರಯೋಗದಲ್ಲಿ 18 ವಾರ ಕಾದು ನೋಡಿದಾಗ ಆ ಗುಣ ಉಳಿದಿರಲಿಲ್ಲ. ಅಷ್ಟೆಲ್ಲ ಮಾಡಿದರೂ ನಿಲ್ಲದ್ದು ಒಂದು ಕ್ಯಾಪ್ಸೂಲ್‌ನಿಂದ ನಿಂತೀತಾ?

ಇನ್ನೊಂದು ಮಾತು. ಮೆಟ್‌ಫಾರ್ಮಿನ್ ಕೂಡ ಕರುಳಿನ ಬ್ಯಾಕ್ಟೀರಿಯಾವನ್ನು ಬದಲಿಸುತ್ತದೆ, ಅದರ ಗುಣದಲ್ಲಿ ಒಂದು ಪಾಲು ಆ ದಾರಿಯಿಂದಲೇ ಬರುವಂತೆ ಕಾಣುತ್ತದೆ. ಬ್ಯಾಕ್ಟೀರಿಯಾದ ಹೆಸರು ಹೇಳಿ ಅದನ್ನೇ ಬಿಡಿಸುವುದು ಎಂಥ ಅನ್ಯಾಯ!

ದುಡ್ಡು ಖರ್ಚು ಮಾಡುವುದಿದ್ದರೆ ಅಡುಗೆಮನೆಗೆ ಮಾಡಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಮ್ಮವ್ವ ಹಿಟ್ಟು ಸಾಣಿಸಿ, ಸಾಣಿಗೆಯಲ್ಲಿ ಉಳಿದ ತೌಡನ್ನು ಎಮ್ಮೆಗೆ ಹಾಕುತ್ತಿದ್ದಳು. ಈಗ ನನ್ನ ಹೆಂಡತಿ ಸಾಣಿಸುವುದನ್ನೇ ಬಿಟ್ಟಿದ್ದಾಳೆ. ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆ ಅಂತ ಎಸರು ಸ್ವಲ್ಪ ಜಾಸ್ತಿ ಹಾಕಿ, ಇನ್ನಷ್ಟು ಹೊತ್ತು ನಾದುತ್ತಾಳೆ. ಜೊತೆಗೆ ಮಡಿಕೆ ಕಾಳಿನ ಪಲ್ಯ, ಅಗಸಿ ಚಟ್ನಿ, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ ಹಾಕಿದ ಪಚಡಿ. ರೊಟ್ಟಿ ಎರಡೇ. ಜೋಳವಾದರೂ ನಾಲ್ಕು ತಿಂದರೆ ಶುಗರ್ ಏರುತ್ತದೆ. ರಾತ್ರಿಯ ಅನ್ನ ಬಿಟ್ಟು ಹೀಗೆ ಉಂಡು, ದಿನಾ ಮುಕ್ಕಾಲು ಗಂಟೆ ನಡೆದು, ಆರು ತಿಂಗಳಿಗೆ ಎಚ್‌ಬಿಎ1ಸಿ 7.2ಕ್ಕೆ ಬಂತು. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ತಾಯಿಗೆ ಕಾಳು, ಸೊಪ್ಪು ಒಮ್ಮೆಲೇ ಜಾಸ್ತಿ ಮಾಡಬೇಡಿ, ಹೊಟ್ಟೆ ಉಬ್ಬುತ್ತದೆ. ವಾರಕ್ಕಿಷ್ಟು ಅಂತ ಹೆಚ್ಚಿಸುತ್ತಾ ಹೋಗಿ. ಮೆಟ್‌ಫಾರ್ಮಿನ್ ಜೊತೆ ಬೇರೆ ಮಾತ್ರೆಯೋ ಇನ್ಸುಲಿನ್ನೋ ಇದ್ದರೆ, ಅನ್ನ ಕಡಿಮೆ ಮಾಡುವ ಮೊದಲು ಡಾಕ್ಟರಿಗೆ ಹೇಳಿ. ಶುಗರ್ ತೀರಾ ಇಳಿದು ತಲೆಸುತ್ತು ಬರಬಹುದು.