ಮಂಜೇಶ್ವರದವರು ಕರ್ನಾಟಕದಲ್ಲಿ ಎಲೆಕ್ಷನ್‌ಗೆ ನಿಲ್ಲಬಹುದಾ?

ಬೆಂಗಳೂರಿಗೆ ಬಂದ ಮೇಲೆ ಈ ಪ್ರಶ್ನೆ ನನಗೆ ಮಾಮೂಲಿ. "ಮನೆಮಾತು ಕನ್ನಡ ಅಂತೀರಿ, ಓಟು ಕೇರಳದಲ್ಲಾ?" ಹೌದು. 1956ರಲ್ಲಿ ನಮ್ಮ ಮಂಜೇಶ್ವರ ಇರುವ ಕಾಸರಗೋಡು ಕೇರಳಕ್ಕೆ ಸೇರಿತು, ಓಟೂ ಅದರ ಹಿಂದೆಯೇ ಹೋಯಿತು. ಭಾಷೆ ಮಾತ್ರ ಹೋಗಲಿಲ್ಲ. 2021ರಲ್ಲಿ ಗೆದ್ದ ನಮ್ಮ ಶಾಸಕ ಎ.ಕೆ.ಎಂ. ಅಶ್ರಫ್ ತಿರುವನಂತಪುರದಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು.

ಇನ್ನು ಚುನಾವಣೆಗೆ ನಿಲ್ಲುವ ವಿಷಯ. ವಿಧಾನಸಭೆಗಾದರೆ ಭಾರತದ ಪ್ರಜೆ ಆಗಿರಬೇಕು, 25 ವರ್ಷ ತುಂಬಿರಬೇಕು, ಜೊತೆಗೆ ಅದೇ ರಾಜ್ಯದ ಯಾವುದಾದರೂ ಕ್ಷೇತ್ರದ ವೋಟರ್ ಲಿಸ್ಟಿನಲ್ಲಿ ಹೆಸರಿರಬೇಕು. ನಮ್ಮ ಕಡೆಯವರಿಗೆ ತೊಡಕಾಗುವುದು ಈ ಕೊನೆಯದೇ. ಮಂಜೇಶ್ವರದ ಲಿಸ್ಟಿನಲ್ಲಿ ಹೆಸರಿದ್ದವರು, ಒಬ್ಬರ ಪರಿಚಯ ಇಲ್ಲದಿದ್ದರೂ, ತಿರುವನಂತಪುರದಲ್ಲಿ ನಿಲ್ಲಬಹುದು. ತಲಪಾಡಿ ಗಡಿ ದಾಟಿ ನಾಲ್ಕು ಹೆಜ್ಜೆ ಆಚೆ, ಅಕ್ಕನ ಗಂಡನ ಮನೆಯಿರುವ ಊರಿನಲ್ಲಿ ಮಾತ್ರ ನಿಲ್ಲುವಂತಿಲ್ಲ. ಲೋಕಸಭೆಗೆ ಈ ಕಟ್ಟುಪಾಡಿಲ್ಲ. ಓಟು ಮಂಜೇಶ್ವರದಲ್ಲಿದ್ದರೂ ಬೆಂಗಳೂರು ದಕ್ಷಿಣದಲ್ಲಿ ನಾಮಪತ್ರ ಹಾಕಬಹುದು. ಠೇವಣಿ 25,000 ರೂಪಾಯಿ, ವಿಧಾನಸಭೆಗೆ 10,000. ಪರಿಶಿಷ್ಟರಿಗೆ ಅದರಲ್ಲಿ ಅರ್ಧ. ಬಿದ್ದ ಓಟಿನಲ್ಲಿ ಆರನೇ ಒಂದು ಭಾಗವೂ ಬರದೆ ಸೋತರೆ ಆ ದುಡ್ಡು ಹೋಯಿತು ಅಂತಲೇ ಲೆಕ್ಕ.

ಓಟು ಹಾಕುವುದಕ್ಕೆ 18 ವರ್ಷ ಆಗಿದ್ದರೆ ಸಾಕು, ಆದರೆ ನೀವು ವಾಸ ಇರುವ ಕಡೆ, ಅದೂ ಒಂದೇ ಕಡೆ. ಬಾಡಿಗೆ ಮನೆಯಾದರೂ ಪರವಾಗಿಲ್ಲ. ಹುಟ್ಟಿದ್ದೆಲ್ಲಿ, ಮನೆಯಲ್ಲಿ ತುಳು ಮಾತಾಡ್ತೀರಾ ಅಂತೆಲ್ಲ ಕೇಳುವುದಿಲ್ಲ. ಊರಲ್ಲೊಂದು ಇಲ್ಲೊಂದು ಅಂತ ಸುಮ್ನೆ ಇಟ್ಟುಕೊಂಡವರು ಜಾಸ್ತಿ ಇದ್ದಾರೆ, ಆದರೆ ಫಾರಂನಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದರೆ ಒಂದು ವರ್ಷದವರೆಗೂ ಜೈಲಿದೆ.

ನಾನು ಎಷ್ಟೋ ವರ್ಷ ಓಟಿಗೆ ಅಂತ ರಾತ್ರಿ ಬಸ್ ಹಿಡಿದು ಊರಿಗೆ ಹೋಗುತ್ತಿದ್ದೆ. ಸುಮ್ನೆ ಅಲ್ಲ, 2016ರಲ್ಲಿ ಮಂಜೇಶ್ವರದಲ್ಲಿ ಸೋಲು ಗೆಲುವು ತೀರ್ಮಾನ ಆಗಿದ್ದು ಬರೀ 89 ಓಟಿನಲ್ಲಿ. ಆಮೇಲೆ ಮಗಳ ಶಾಲೆ, ರಜೆ ಸಿಗದ ಕೆಲಸ ಅಂತ ಫಾರಂ 8 ತುಂಬಿ ಹೆಸರನ್ನು ಇಲ್ಲಿಗೇ ವರ್ಗ ಮಾಡಿಸಿದೆ. ಮೊದಲ ಸಲ ವಿಳಾಸ ನೋಡಲು ಬಿಎಲ್ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಂದಾಗ ಮನೆಗೆ ಬೀಗ, ಅರ್ಜಿ ಬಿದ್ದುಹೋಯಿತು. ಎರಡನೇ ಸಲ ಬಾಡಿಗೆ ಕರಾರು ಕೈಯಲ್ಲೇ ಹಿಡಿದು ಕೂತಿದ್ದೆ. ಅಮ್ಮನಿಗೆ ಹೇಳಿದಾಗ, "ಓಟಿನ ನೆಪದಲ್ಲಾದರೂ ಬರ್ತಿದ್ದೆ" ಅಂದರು, ಅಷ್ಟೇ.

ಹಾಗಾಗಿ ಈಗ ನಾನು ಬೇಕಾದರೆ ಬೀದರಿನಲ್ಲೂ ವಿಧಾನಸಭೆಗೆ ನಿಲ್ಲಬಹುದು. ಮಂಜೇಶ್ವರದಲ್ಲಿ ನಿಲ್ಲುವಂತಿಲ್ಲ.