ಅಂಗಡಿ ಕೆಲಸದಲ್ಲಿ ಮೈಗಿಂತ ಮನಸ್ಸು ಹೆಚ್ಚು ದಣಿಯುವುದೇಕೆ?

ತುಮಕೂರಿನ ಬಟ್ಟೆ ಅಂಗಡಿಯೊಂದರಲ್ಲಿ ಮಾರಾಟದ ಕೆಲಸಕ್ಕೆ ಸೇರಿರುವ ನೀವು, ಮೈಗಿಂತ ಮನಸ್ಸೇ ಹೆಚ್ಚು ದಣಿಯುವುದೇಕೆ ಎಂದು ಕೇಳಿದ್ದೀರಿ. ಸಿಟ್ಟನ್ನು ನುಂಗಿಕೊಂಡು ಮುಖದಲ್ಲಿ ನಗು ಉಳಿಸಿಕೊಳ್ಳುವುದೂ ಸಂಬಳಕ್ಕಾಗಿ ಮಾಡುವ ದುಡಿಮೆಯೇ. ವಿಮಾನ ಪರಿಚಾರಕಿಯರನ್ನು ಅಧ್ಯಯನ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಇದನ್ನು ಭಾವನಾತ್ಮಕ ಶ್ರಮವೆಂದು ವಿವರಿಸಿದರು. ಹಬ್ಬದ ಹಿಂದಿನ ವಾರ ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ, ಫೋನಿನಲ್ಲಿ ಮಾತಾಡುತ್ತಲೇ ಬೆರಳು ತೋರಿಸಿ ಇಡೀ ಕಪಾಟಿನ ಸೀರೆಗಳನ್ನು ಬಿಚ್ಚಿಸಿ, ಒಂದು ಮಾತೂ ಆಡದೆ ಎದ್ದುಹೋಗುವ ಗ್ರಾಹಕರು ಈ ಶ್ರಮವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊಳ್ಳದೆ ಹೋಗುವ ಹಕ್ಕು ಅವರಿಗಿದೆ, ಆದರೆ ಎದುರಿಗಿರುವವರ ಮುಖವನ್ನೂ ನೋಡದಿರುವುದು ನಿಜಕ್ಕೂ ಕ್ರೌರ್ಯ.

ಬೆಲೆ, ರಿಯಾಯಿತಿ, ವಾಪಸಾತಿಗಳನ್ನು ನಿರ್ಧರಿಸುವವರು ಮಾಲೀಕರಾದರೂ ಬೈಗುಳ ತಿನ್ನುವವರು ನೀವು. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ನೋಯಿಸುವುದು ಈ ಅಸಹಾಯಕತೆಯೇ. ಆದ್ದರಿಂದ ವಾಪಸಾತಿಯ ನಿಯಮವನ್ನು ಬಿಲ್ಲಿನ ಮೇಲೆಯೇ ಮುದ್ರಿಸುವಂತೆ, ಏರುದನಿಯ ಗ್ರಾಹಕರನ್ನು ತಾವೇ ನಿಭಾಯಿಸುವಂತೆ ಮಾಲೀಕರನ್ನು ಕೇಳಿ. ವಾರದ ರಜೆಯನ್ನಂತೂ ಬಿಡಬೇಡಿ, ಅದನ್ನು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೇ ಕೊಟ್ಟಿದೆ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಆಸನದ ವ್ಯವಸ್ಥೆಯನ್ನೂ ಕಡ್ಡಾಯಗೊಳಿಸಿದವು. ದಿನವಿಡೀ ನಿಂತವರ ತಾಳ್ಮೆ ಸಂಜೆಗೆ ಸೋರಿಹೋಗುವುದರಿಂದ, ಒಂದು ಸ್ಟೂಲನ್ನಾದರೂ ಇಡುವಂತೆ ನೀವೂ ಕೇಳುವುದು ನ್ಯಾಯವೇ ಆಗಿದೆ.