ನೆರೆಯವರನ್ನ ಅರ್ಥ ಮಾಡಿಸೋಕೆ ಜರ್ಮನ್ ಭಾಷೇಲಿ ಸಾಹಿತ್ಯ ಪ್ರಶಸ್ತಿ ಇದ್ಯಾ?

ಅಕ್ಕಪಕ್ಕದ ದೇಶದೋರನ್ನ ಅರ್ಥ ಮಾಡಿಸೋ ಥರ ಬರೆದೋರಿಗೆ ಅಂತಾನೇ ಜರ್ಮನ್ನಲ್ಲಿ ಪ್ರಶಸ್ತಿ ಇದ್ಯಾ, ಇದ್ರೆ ಅದ್ರಿಂದ ಏನಾದ್ರೂ ಆಗತ್ತಾ ಅಂತ ಕೇಳಿದೀರ. ಇದೆ ಸರ್, ಒಂದಕ್ಕಿಂತ ಜಾಸ್ತಿನೇ ಇದೆ. ನಂಗೆ ಗಂಟುಬಿದ್ದಿದ್ದು ಆಂಡ್ರೆಯಾಸ್ ಗ್ರಿಫಿಯುಸ್ ಪ್ರಶಸ್ತಿ, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಬಿ1 (ಅಂದ್ರೆ ಮಧ್ಯಮ ಮಟ್ಟದ) ಕ್ಲಾಸಿಗೆ ಹೋಗ್ತಿದ್ದಾಗ ಒಬ್ಬ ಲೇಖಕನ ಪರಿಚಯದಲ್ಲಿ ಈ ಹೆಸರು ನೋಡಿ ಇದ್ಯಾವುದಪ್ಪ ಅಂತ ಕೆದಕೋಕೆ ಶುರು ಮಾಡಿದೆ.

ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಮತ್ತು ಮುಗಿದ ಮೇಲೆ ಪೋಲೆಂಡ್, ಚೆಕೊಸ್ಲೊವಾಕಿಯಾ ಕಡೆಯಿಂದೆಲ್ಲ ಸುಮಾರು 1.2 ಕೋಟಿ ಜರ್ಮನ್ನರು ಮನೆಮಠ ಬಿಟ್ಟು ಬಂದ್ರು, ಕೆಲವರು ಹೆದರಿ ಓಡಿ ಬಂದಿದ್ದು, ಉಳಿದೋರನ್ನ ಓಡಿಸಿದ್ದು. (ಯುದ್ಧ ಶುರು ಮಾಡಿದ್ದು ಜರ್ಮನೀನೇ, ಅದನ್ನ ಬಿಟ್ಟು ಈ ಕಥೆ ಹೇಳೋಕಾಗಲ್ಲ.) ಹಾಗೆ ಬಂದ ಕಲಾವಿದರು, ಬರಹಗಾರರು ಸೇರ್ಕೊಂಡು 1948ರಲ್ಲಿ ಎಸ್‌ಲಿಂಗೆನ್ ಅನ್ನೋ ಊರಲ್ಲಿ ಒಂದು ಸಂಘ ಕಟ್ಟಿದ್ರು, ಅವರೇ 1957ರಲ್ಲಿ ಈ ಪ್ರಶಸ್ತಿ ಶುರು ಮಾಡಿದ್ದು. ಗ್ರಿಫಿಯುಸ್ ಅಂದ್ರೆ 1616ರಲ್ಲಿ ಸೈಲೀಸಿಯಾದ ಗ್ಲೋಗಾವ್‌ನಲ್ಲಿ ಹುಟ್ಟಿದ ಜರ್ಮನ್ ಕವಿ. ಆ ಊರು ಈಗ ಪೋಲೆಂಡಲ್ಲಿದೆ, ಹೆಸರೂ ಪೋಲಿಷ್ ಆಗಿದೆ.

ನಿಜ ಹೇಳ್ತೀನಿ, ಊರು ಕಳ್ಕೊಂಡೋರೇ ಮಾಡಿದ ಪ್ರಶಸ್ತಿ ಅಂದ್ಮೇಲೆ "ನಮ್ಮೂರು ನಮಗೆ ವಾಪಸ್ ಕೊಡಿ" ಅಂತ ಕೂಗೋರಿಗೇ ಶಾಲು ಹೊದಿಸ್ತಾರೆ ಅನ್ಕೊಂಡಿದ್ದೆ. ಪ್ರಶಸ್ತಿ ತಗೊಂಡೋರ ಲಿಸ್ಟ್ ನೋಡಿದ್ರೆ ಬೇರೆ ಥರಾನೇ ಇದೆ.

ಕಾದಂಬರಿಕಾರ ಜೀಗ್‌ಫ್ರೀಡ್ ಲೆಂಟ್ಸ್‌ನೇ ತಗೊಳ್ಳಿ, 1979ರಲ್ಲಿ ಬಂತು ಅವನಿಗೆ. ಹುಟ್ಟಿದ್ದು ಆಗ ಜರ್ಮನೀದೇ ಆಗಿದ್ದ ಪೂರ್ವ ಪ್ರಷ್ಯಾದ ಲಿಕ್ ಅನ್ನೋ ಊರಲ್ಲಿ, ಅದೂ ಈಗ ಪೋಲೆಂಡೇ. 1970ರಲ್ಲಿ ಪಶ್ಚಿಮ ಜರ್ಮನಿ ಚಾನ್ಸಲರ್ ವಿಲ್ಲಿ ಬ್ರಾಂಟ್ ಪೋಲೆಂಡಿನ ರಾಜಧಾನಿ ವಾರ್ಸಾಗೆ ಹೋಗಿ ಈಗಿರೋ ಗಡೀನೇ ಗಡಿ ಅಂತ ಸಹಿ ಹಾಕಿದಾಗ ಜೊತೇಲಿ ಹೋಗಿದ್ದೋರಲ್ಲಿ ಲೆಂಟ್ಸ್ ಕೂಡ ಒಬ್ಬ, ಅಂದ್ರೆ ತನ್ನ ಹುಟ್ಟೂರು ಇನ್ನು ಬೇರೆಯವರದ್ದು ಅಂತ ಬರೆದುಕೊಡೋದನ್ನ ನೋಡೋಕೆ ತಾನೇ ಹೋದ ಹಾಗೆ ಲೆಕ್ಕ. ಊರು ಬಿಟ್ಟು ಬಂದೋರ ಸಂಘಟನೆಗಳಲ್ಲಿ ತುಂಬ ಜನಕ್ಕೆ ಆ ಒಪ್ಪಂದ ಕಂಡ್ರೆ ಆಗ್ತಿರ್ಲಿಲ್ಲ, ಅಂಥದ್ರಲ್ಲಿ ಈ ಪ್ರಶಸ್ತಿ ಅವನಿಗೆ!

ಪ್ರಶಸ್ತಿ ಬರೋಕೆ ಹಿಂದಿನ ವರ್ಷ, 1978ರಲ್ಲಿ ಬಂದ ಅವನ ಕಾದಂಬರಿ 'ಹೈಮಾಟ್‌ಮುಜೇಯುಮ್', ಅಂದ್ರೆ ಹುಟ್ಟೂರಿನ ಮ್ಯೂಸಿಯಂ. ಒಬ್ಬ ಕಾರ್ಪೆಟ್ ನೇಯೋನು, ಬಿಟ್ಟು ಬಂದ ಊರಿನ ಹಳೇ ಸಾಮಾನೆಲ್ಲ ಜೋಪಾನ ಮಾಡಿ ಹೊಸ ಜಾಗದಲ್ಲಿ ಮ್ಯೂಸಿಯಂ ಕಟ್ಟಿರ್ತಾನೆ, ಕೊನೆಗೆ ತಾನೇ ಅದಕ್ಕೆ ಬೆಂಕಿ ಇಡ್ತಾನೆ. ಯಾಕೆ ಅಂದ್ರೆ ಆ ನೆನಪುಗಳನ್ನ ಇಟ್ಕೊಂಡು ದ್ವೇಷದ ರಾಜಕೀಯ ಮಾಡೋರ ಕೈಗೆ ಮ್ಯೂಸಿಯಂ ಹೋಗೋದ್ರಲ್ಲಿರತ್ತೆ. ಸುಟ್ಟಗಾಯ ಆಗಿ ಆಸ್ಪತ್ರೆ ಹಾಸಿಗೆ ಮೇಲೆ ಮಲ್ಕೊಂಡು ಇಡೀ ಕಥೆ ಹೇಳ್ತಾನೆ. ತಮಾಷೆ ಅಂದ್ರೆ ಕಾದಂಬರಿಯೊಳಗಿನ ಆ ಊರಿನ ಹೆಸರು ಲಕ್ನೋ, ನಾನು ಮೊದಲ ಹತ್ತು ಪುಟ ಯುಪಿ ಲಕ್ನೋನೇ ಇರಬೇಕು, ಕಬಾಬ್ ಯಾವಾಗ ಬರತ್ತೋ ಅಂತ ಕಾದಿದ್ದೇ ಬಂತು.

ರೋಜೆ ಔಸ್‌ಲೆಂಡರ್‌ಗೆ 1977ರಲ್ಲಿ ಬಂತು. ಚೆರ್ನೊವಿಟ್ಸ್‌ನ ಯಹೂದಿ ಹೆಂಗಸು, ಆ ಊರು ಆಕೆ ಹುಟ್ಟಿದಾಗ ಆಸ್ಟ್ರಿಯಾದ್ದು, ಆಮೇಲೆ ರೊಮೇನಿಯಾ, ಆಮೇಲೆ ಸೋವಿಯತ್, ಈಗ ಉಕ್ರೇನ್. ನಾಜಿ ಕಾಲದಲ್ಲಿ ಘೆಟ್ಟೋದಲ್ಲಿ (ಯಹೂದಿಗಳನ್ನ ಕೂಡಿಹಾಕಿದ್ದ ಕೇರಿ) ಇದ್ದು ಹೆಂಗೋ ಬದುಕಿ ಉಳಿದು ನ್ಯೂಯಾರ್ಕಿಗೆ ಹೋಗಿ ವರ್ಷಗಟ್ಟಲೆ ಇಂಗ್ಲಿಷಲ್ಲೇ ಕವಿತೆ ಬರೆದ್ರು, ಆಮೇಲೆ ಜರ್ಮನ್ನಿಗೇ ವಾಪಸ್. ಆಮೇಲೆ ಯಿರ್ಜಿ ಗ್ರುಶಾ, ಈತ ಜರ್ಮನ್ನೇ ಅಲ್ಲ, ಚೆಕ್. ಕಮ್ಯುನಿಸ್ಟ್ ಸರ್ಕಾರ ಪೌರತ್ವ ಕಿತ್ಕೊಂಡ್ಮೇಲೆ ಜರ್ಮನೀಲಿ ಉಳಿದು ಜರ್ಮನ್ನಲ್ಲೇ ಬರೆದ, 90ರ ದಶಕದಲ್ಲಿ ಜರ್ಮನಿಗೆ ಚೆಕ್ ರಾಯಭಾರಿನೂ ಆದ. ಚೆಕ್ಕರು ಓಡಿಸಿದ ಜನಾನೂ ಇದ್ದ ಸಂಘ ಒಬ್ಬ ಚೆಕ್ ಕವಿಗೆ ಪ್ರಶಸ್ತಿ ಕೊಡತ್ತೆ ಅಂದ್ರೆ ಸಣ್ಣ ಮಾತಲ್ಲ ಅಂತ ನನ್ನ ಲೆಕ್ಕ.

ಇನ್ನೊಂದು, ಜಾಸ್ತಿ ಫೇಮಸ್ಸು, 1994ರಿಂದ ಇರೋ ಲೈಪ್‌ತ್ಸಿಗ್ ಪುಸ್ತಕ ಪ್ರಶಸ್ತಿ, ಯುರೋಪಿನವರು ಒಬ್ಬರನ್ನೊಬ್ರು ಅರ್ಥ ಮಾಡ್ಕೊಳ್ಳಲಿ ಅಂತ. 20,000 ಯೂರೋ, ಲೈಪ್‌ತ್ಸಿಗ್ ಪುಸ್ತಕ ಮೇಳದ ಉದ್ಘಾಟನೆ ದಿನ ಕೊಡ್ತಾರೆ. ಜರ್ಮನ್ನಿಗೆ ಅನುವಾದ ಆಗಿದ್ರೂ ಸಾಕು, ಮೂಲ ಯಾವ ಭಾಷೆ ಆದ್ರೂ ನಡಿಯತ್ತೆ. ಬೆಲಾರುಸ್‌ನ ಲೇಖಕಿ ಸ್ವೆಟ್ಲಾನಾ ಅಲೆಕ್ಸಿಯೆವಿಚ್‌ಗೆ ಇದು ಬಂದಿದ್ದು 1998ರಲ್ಲಿ, ನೊಬೆಲ್ ಬರೋಕಿಂತ 17 ವರ್ಷ ಮುಂಚೆ. 2014ರಲ್ಲಿ ನಮ್ಮ ದೇಶದ ಲೇಖಕ ಪಂಕಜ್ ಮಿಶ್ರಾಗೂ ಬಂತು, ಸೋ ನೆರೆಹೊರೆ ಅನ್ನೋದನ್ನ ಅವರು ಸ್ವಲ್ಪ ಎಳೆದೇ ಅರ್ಥ ಮಾಡ್ತಾರೆ.

ಏನಾದ್ರೂ ಆಗತ್ತಾ ಅಂದ್ರಲ್ಲ, ಪ್ರಶಸ್ತಿಯಿಂದ ಗಡಿ ಜಗಳ ಏನೂ ನಿಲ್ಲಲ್ಲ. ನನ್ನಂಥೋನು ಕುತೂಹಲಕ್ಕೆ ಇವರ ಪುಸ್ತಕ ಹುಡ್ಕೊಂಡು ಓದಿದ, ಅಷ್ಟಾಯ್ತು. ಜರ್ಮನ್ ಕಲೀತಿದ್ರೆ ಔಸ್‌ಲೆಂಡರ್‌ಯಿಂದ ಶುರು ಮಾಡಿ, ಪುಟ್ಟ ಪುಟ್ಟ ಕವಿತೆ, ಬಿ1 ಸಾಕು. ಲೆಂಟ್ಸ್ ಮಾತ್ರ ದಪ್ಪ ಪುಸ್ತಕ, ಜರ್ಮನ್ನಲ್ಲಿ ಅರ್ಧಕ್ಕೇ ಸುಸ್ತಾಗಿ ಉಳಿದಿದ್ದನ್ನ ಇಂಗ್ಲಿಷಲ್ಲಿ ಮುಗಿಸಿದೆ.